ಸೈಕಲ್ ಸವಾರರ ಸಾರ್ಥ

ದೂರದ ದಾರಿಗೆ ಒಬ್ಬನೇ ಹೊರಟವನಿಗೆ ದಾರಿಯೊಂದೇ ಎದುರು. ಹತ್ತು ಮಂದಿಯೊಡನೆ ಹೊರಟವನಿಗೆ ದಾರಿಯ ಜೊತೆಗೆ ಆ ಹತ್ತು ಮಂದಿಯ ಹಸಿವು, ಬಾಯಾರಿಕೆ, ದಣಿವು, ಹಟ, ಅಭಿಮಾನಗಳೂ ಎದುರಾಗಿ ನಿಲ್ಲುವುವು. ಇದು ಕಾಲ್ನಡಿಗೆಗೂ ಬಂಡಿಯ ಪ್ರಯಾಣಕ್ಕೂ ಸಲ್ಲತಕ್ಕ ಮಾತೇ ಆದರೂ ಸೈಕಲ್ಲಿನ ಮೇಲೆ ಕೂಡಿ ಮಾಡುವ ದೂರ ಪ್ರಯಾಣಕ್ಕೆ ಸಲ್ಲುವಷ್ಟು ಬೇರೊಂದಕ್ಕೆ ಸಲ್ಲದು. ಏಕೆಂದರೆ ಬಂಡಿಯಲ್ಲಿ ಕುಳಿತವರೆಲ್ಲರೂ ಒಂದೇ ಜೋಡಿ ಎತ್ತಿನ ವೇಗದಿಂದ ಸಾಗುವರು. ಸೈಕಲ್ಲಿನಲ್ಲಿಯಾದರೋ ಪ್ರತಿಯೊಬ್ಬನೂ ತಾನೇ ಎತ್ತು, ತಾನೇ ಬಂಡಿ, ತಾನೇ ಸಾರಥಿ.

ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಕೊಪ್ಪಳದ ಗೃಹಸ್ಥರೊಬ್ಬರು ನಮಗೆ ಪತ್ರವನ್ನು ಬರೆದಿದ್ದಾರೆ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನು ಹನ್ನೊಂದು ಮಂದಿ ಗೆಳೆಯರನ್ನು ಕೂಡಿಕೊಂಡು ಕೊಪ್ಪಳದಿಂದ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಾರ್ಗವಾಗಿ ತಿರುಗಿ ಕೊಪ್ಪಳಕ್ಕೆ ಸೈಕಲ್ಲಿನ ಮೇಲೆ ಸುತ್ತು ಹಾಕಿ ಬರುವೆನೆಂದು ಅಪ್ಪಣೆಯನ್ನು ಬೇಡುತ್ತಿರುವನಂತೆ. ಹುಡುಗನ ತಾಯಿಯವರಿಗೆ ಇದು ಸರ್ವಥಾ ಒಪ್ಪಿಗೆಯಿಲ್ಲವಂತೆ. ತಂದೆಯು ನಡುವೆ ನಿಂತು, "ಬೇಡವೆಂದರೆ ಹುಡುಗನ ಉತ್ಸಾಹಕ್ಕೆ ಭಂಗ, ಹೂಂ ಎಂದರೆ ಮನೆಯ ಶಾಂತಿಗೆ ಭಂಗ, ತಮ್ಮ ಅಭಿಪ್ರಾಯವೇನು?" ಎಂದು ಕೇಳಿದ್ದಾರೆ. ಇಂತಹ ಪ್ರಶ್ನೆಯು ಈಗ ಒಂದು ಮನೆಯದಾಗಿ ಉಳಿದಿಲ್ಲವಾದುದರಿಂದ ಉತ್ತರವನ್ನು ಎಲ್ಲ ವಾಚಕರ ಎದುರಿನಲ್ಲಿಯೇ ಹೇಳುವುದು ಯುಕ್ತವೆಂದು ಭಾವಿಸಿದ್ದೇವೆ.

ನಮ್ಮ ಬಾಲ್ಯದಲ್ಲಿ ಈ ಸೀಮೆಯಲ್ಲಿ ಸೈಕಲ್ಲೆಂಬುದು ಮಾಸ್ತರರ, ಅಂಚೆಯವರ, ಹಾಲು ಮಾರುವವರ ವಾಹನವಾಗಿತ್ತು. ಉಳಿದವರು ಅಂಗಡಿಯಿಂದ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದು, ಸೀಟಿನ ಮೇಲೆ ಕಾಲು ಎಟುಕದೆ ಚೌಕಟ್ಟಿನ ಒಳಗಿನಿಂದ ಕಾಲನ್ನು ತೂರಿಸಿ ತುಳಿಯುವುದನ್ನು ಕಲಿತರು. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡುವ ಯೋಜನೆಯನ್ನು ತೊಡಗಿದಾಗ ಹಳ್ಳಿಹಳ್ಳಿಯ ಓಣಿಯಲ್ಲಿಯೂ ಬೆಲ್ಲಿನ ಸದ್ದು ಕೇಳಿಸಿತು. ಇಂದು ಗಿಯರುಗಳುಳ್ಳ, ಎರಡು ಬೆರಳುಗಳಿಂದ ಎತ್ತಬಹುದಾದಷ್ಟು ಹಗುರಾದ ಸೈಕಲ್ಲುಗಳು ಬಂದಿರುವುವು. ಕುಷ್ಟಗಿಯ ಗಡಿಯನ್ನು ದಾಟಿ ಉತ್ತರಕ್ಕೆ ನಡೆದರೆ ಬಾಗಲಕೋಟೆ, ವಿಜಯಪುರಗಳ ಸೀಮೆಯು ಸಿಕ್ಕುವುದಷ್ಟೆ. ಕರ್ಣಾಟಕದ ಪಂದ್ಯದ ಸೈಕಲ್ ಸವಾರರಲ್ಲಿ ಎಷ್ಟೋ ಮಂದಿ ಹುಟ್ಟಿ ಬೆಳೆದದ್ದು ಆ ನೆಲದಲ್ಲಿ. ಅದನ್ನು ಕಂಡು ನಮ್ಮ ನಾಲ್ಕು ತಾಲ್ಲೂಕುಗಳ ತರುಣರಿಗೂ ದೂರದ ಆಸೆ ಹುಟ್ಟಿದುದು ಸಹಜವೇ ಆಗಿದೆ.

ಆಸೆಯನ್ನು ತೂಗುವುದಕ್ಕೆ ಮೊದಲು ಒಂದು ಹಳೆಯ ಶಬ್ದವನ್ನು ನೆನೆಯೋಣ. ದೂರದ ದೇಶಕ್ಕೆ ಕೂಡಿ ಹೊರಡುವ ಪ್ರಯಾಣಿಕರ ಗುಂಪಿಗೆ ಸಂಸ್ಕೃತದಲ್ಲಿ 'ಸಾರ್ಥ'ವೆಂದು ಹೆಸರು. ಸಮಾನವಾದ ಅರ್ಥ, ಎಂದರೆ ಪ್ರಯೋಜನ, ಯಾರಿಗುಂಟೋ ಅವರು ಸಾರ್ಥ. ಅದನ್ನು ನಡೆಯಿಸುವವನು 'ಸಾರ್ಥವಾಹ'. ನಾವು ದಿನವೂ ಆಡುವ 'ಸಾರ್ಥಕ'ವೆಂಬ ಮಾತೂ ಇದೇ ಮನೆತನದ್ದು. ಇದರಲ್ಲಿ ವಿಚಾರಿಸಬೇಕಾದ ಸಂಗತಿಯೊಂದುಂಟು: ಒಂದೇ ರಸ್ತೆಯಲ್ಲಿ ಒಂದೇ ಹೊತ್ತಿನಲ್ಲಿ ಹನ್ನೆರಡು ಮಂದಿ ಹೋದ ಮಾತ್ರಕ್ಕೆ ಅವರು ಸಾರ್ಥವಾಗುವುದಿಲ್ಲ, ಅವರೆಲ್ಲರ ಪ್ರಯೋಜನವೂ ಒಂದೇ ಆಗಿರಬೇಕು. ಒಬ್ಬನ ಪ್ರಯೋಜನವು ಮೊದಲು ಮುಟ್ಟುವುದು, ಇನ್ನೊಬ್ಬನ ಪ್ರಯೋಜನವು ಚಿತ್ರಗಳನ್ನು ತೆಗೆಯುವುದು, ಮತ್ತೊಬ್ಬನದು ಹೇಗಾದರೂ ಮಾನ ಉಳಿಸಿಕೊಂಡು ಮನೆ ಸೇರುವುದು ಎಂದಾದರೆ ಅದು ಹನ್ನೆರಡು ಒಂಟಿ ಪ್ರಯಾಣಗಳ ಜಾತ್ರೆಯೇ ಹೊರತು ಸಾರ್ಥವಲ್ಲ.

ಇತರ ದೇಶಗಳಲ್ಲಿ ಈ ವಿಚಾರವನ್ನು ನೂರು ವರ್ಷಗಳ ಹಿಂದೆಯೇ ಆಳವಾಗಿ ನೋಡಿದ್ದಾರೆ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮಿನಿಂದ ನೇಪಲ್ಸಿಗೆ, ಎಂದರೆ ಸುಮಾರು 230 ಕಿಲೋಮೀಟರುಗಳನ್ನು, ಸೂರ್ಯೋದಯ ಸೂರ್ಯಾಸ್ತಗಳ ನಡುವೆ ತುಳಿದು ಮುಟ್ಟಿದರು. ಅಂತಹವರಿಗೆ 'ಔಡಾಕ್ಸ್' ಎಂಬ ಹೆಸರು ಬಂದಿತು. ಲ್ಯಾಟಿನಿನಲ್ಲಿ ಅದಕ್ಕೆ ಸಾಹಸಿಯೆಂದು ಅರ್ಥ. ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯವನ್ನು 1903ರಲ್ಲಿ ಹುಟ್ಟುಹಾಕಿದ ಪತ್ರಿಕಾಕರ್ತ ಆನ್ರಿ ದೆಗ್ರಾಂಜನು ಮರುವರ್ಷವೇ ಈ ಪದ್ಧತಿಯನ್ನು ತನ್ನ ದೇಶಕ್ಕೆ ತಂದನು. ಅದರ ನಿಯಮವು ವಿಚಾರಾರ್ಹವಾಗಿದೆ. ಗುಂಪಿಗೆ ಮಾರ್ಗನಾಯಕನಿರುತ್ತಾನೆ, ವೇಗವನ್ನು ಅವನೇ ಕಾಯುತ್ತಾನೆ, ಅವನನ್ನು ದಾಟಿ ಯಾರೂ ಮುಂದೆ ಹೋಗತಕ್ಕದ್ದಲ್ಲ. ಈ ಪದ್ಧತಿಯಲ್ಲಿ ಇಂದಿಗೂ ವೇಗವು ಗಂಟೆಗೆ 22.5 ಕಿಲೋಮೀಟರು, ಬಲವುಳ್ಳವನಿಗೆ ಇದಕ್ಕಿಂತ ಹೆಚ್ಚು ಸಾಧ್ಯವಾದರೂ ಅವನು ಅದನ್ನು ತಡೆದುಕೊಳ್ಳಬೇಕು.

1921ರಲ್ಲಿ ಪ್ಯಾರಿಸಿನ ಸಂಘವೊಂದು ಈ ಪದ್ಧತಿಯಿಂದ ಬೇರೆಯಾಗಿ, ಪ್ರತಿಯೊಬ್ಬನೂ ತನಗೆ ಒಗ್ಗಿದ ವೇಗದಲ್ಲಿ ಹೋಗಬಹುದೆಂಬ ಎರಡನೆಯ ಪದ್ಧತಿಯನ್ನು ತೊಡಗಿತು. ಇದರಲ್ಲಿ 200 ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಗಳಲ್ಲಿ, 300ನ್ನು 20 ಗಂಟೆಗಳಲ್ಲಿ, 600ನ್ನು 40 ಗಂಟೆಗಳಲ್ಲಿ ಮುಗಿಸಬೇಕು. ಮೊದಲು ಬಂದವನಿಗೆ ಬಹುಮಾನವಿಲ್ಲ. ಬೆಂಗಳೂರು ಮೊದಲಾದ ನಮ್ಮ ಊರುಗಳಿಂದಲೂ ಈಗ ಇಂತಹ ಪ್ರಯಾಣಗಳು ಹೊರಡುವುವು. 2008ರಲ್ಲಿ ತೊಡಗಿದ 'ಟೂರ್ ಆಫ್ ನೀಲಗಿರೀಸ್' ಎಂಬ ಹಲವು ದಿನಗಳ ಸವಾರಿಯೂ ನಮ್ಮ ನಾಡಿನದೇ. ಎರಡು ಪದ್ಧತಿಗಳೂ ಪ್ರಾಮಾಣಿಕವಾದುವು. ಮೊದಲನೆಯದರಲ್ಲಿ ಗುಂಪು ಒಬ್ಬೊಬ್ಬನನ್ನೂ ಕಾಯುವುದು. ಎರಡನೆಯದರಲ್ಲಿ ಒಬ್ಬೊಬ್ಬನೂ ತನ್ನನ್ನು ತಾನು ಕಾದುಕೊಳ್ಳುವನು, ಅದಕ್ಕೆ ಬೇಕಾದ ಅಭ್ಯಾಸವನ್ನೂ ಸಲಕರಣೆಯನ್ನೂ ಹೊಂದಿರುವನು. ಅನರ್ಥವು ಹುಟ್ಟುವುದು ಮೂರನೆಯ ಪದ್ಧತಿಯಿಂದ: ಕೂಡಿಯೇ ಹೋಗುವೆವೆಂದು ಮನೆಯವರಿಗೆ ಹೇಳಿ ಹೊರಟು, ಊರ ಹೊರಗಿನ ಸೇತುವೆಯನ್ನು ದಾಟಿದೊಡನೆ ಅವರವರ ಪಾಡಿಗೆ ಅವರವರು ಓಡುವುದು. ನಮ್ಮ ತರುಣರಲ್ಲಿ ಹೆಚ್ಚಾಗಿ ರೂಢಿಯಲ್ಲಿರುವುದು ಇದೇ.

ಹಿರಿದಾದ ಸಾಹಸಗಳಲ್ಲಿಯೂ ಗುಂಪು ಒಡೆಯುವುದುಂಟು. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸೀ ತರುಣರು ಜಗತ್ತನ್ನು ಸುತ್ತಿ ಬರಲು ಸೈಕಲ್ಲುಗಳನ್ನು ಏರಿದರು. ಇರಾನು, ಇರಾಕುಗಳ ಮರಳು, ಯೂರೋಪಿನ ಹಿಮ, ಅಮೆರಿಕ, ಜಪಾನು, ಚೀನಾ, ಬ್ರಹ್ಮದೇಶಗಳನ್ನು ಕಂಡು 1928ರ ಮಾರ್ಚಿನಲ್ಲಿ ಮರಳಿ ಮುಂಬಯಿಗೆ ಬಂದವರು ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಎಂಬ ಮೂವರು. ಉಳಿದ ಮೂವರು ಬೇರೆ ಬೇರೆ ಕಾರಣಗಳಿಂದ ದಾರಿಯಲ್ಲಿ ಅಗಲಿದ್ದರು. ನಾಲ್ಕೂವರೆ ವರ್ಷಗಳ ದಾರಿಯಲ್ಲಿ ಅಗಲಿಕೆಯು ಆಶ್ಚರ್ಯವಲ್ಲ. ಆದರೆ ಎರಡು ದಿನಗಳ ದಾರಿಯಲ್ಲಿ ಒಬ್ಬನು ಹಿಂದುಳಿದದ್ದು ಉಳಿದವರಿಗೆ ತಿಳಿಯದೆ ಹೋದರೆ ಅದಕ್ಕೆ ಕಾರಣವು ದೂರವಲ್ಲ, ಅಜಾಗ್ರತೆ.

ಇನ್ನು ನಮ್ಮ ನಾಲ್ಕು ಊರುಗಳ ಸುತ್ತಿನ ಸ್ವರೂಪವನ್ನು ನೋಡೋಣ. ಕೊಪ್ಪಳದಿಂದ ಪೂರ್ವಕ್ಕೆ ಗಂಗಾವತಿ; ಅಲ್ಲಿಂದ ಕನಕಗಿರಿ, ತಾವರಗೇರಾಗಳ ಮೇಲೆ ವಾಯವ್ಯಕ್ಕೆ ಕುಷ್ಟಗಿ; ಕುಷ್ಟಗಿಯಿಂದ ನೈರುತ್ಯಕ್ಕೆ ಯಲಬುರ್ಗಾ; ಯಲಬುರ್ಗಾದಿಂದ ಆಗ್ನೇಯಕ್ಕೆ ತಿರುಗಿ ಕೊಪ್ಪಳ. ಆಯ್ದುಕೊಂಡ ದಾರಿಯಂತೆ ಹೆಚ್ಚು ಕಡಿಮೆಯಾದರೂ ಒಟ್ಟು ದೂರವು 200 ಕಿಲೋಮೀಟರುಗಳಿಗೆ ತುಸು ಒಳಗಾದೀತು. ಇಷ್ಟರಲ್ಲಿಯೇ ಮೂರು ಬಗೆಯ ನೆಲವು ಎದುರಾಗುವುದು. ಗಂಗಾವತಿಯದು ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರುಂಡ ಬತ್ತದ ಸೀಮೆ. ಗದ್ದೆ, ಕಾಲುವೆ, ಬಂಡೆಗಲ್ಲಿನ ಗುಡ್ಡಗಳು ಕಣ್ಣಿಗೆ ತಂಪು. ಕುಷ್ಟಗಿಯದು ಹೆಚ್ಚಾಗಿ ಮಸಾರಿ ನೆಲ, ಸಜ್ಜೆಯ ಬೆಳೆ, ವಿರಳವಾದ ನೆರಳು. ಯಲಬುರ್ಗಾದ್ದು ಜೋಳ ಕಡಲೆಗಳ ಎರೆಯ ಬಯಲು. ದಿಗಂತದವರೆಗೆ ಕಣ್ಣಿಗೆ ತಡೆಯಿಲ್ಲ, ಗಾಳಿಗೂ ತಡೆಯಿಲ್ಲ.

ಗಾಳಿಗೆ ತಡೆಯಿಲ್ಲವೆಂಬುದಕ್ಕೆ ಆ ಬಯಲಿನಲ್ಲಿ ನಿಲ್ಲಿಸಿರುವ ವಿದ್ಯುತ್ತಿನ ಗಾಳಿಯಂತ್ರಗಳೇ ಸಾಕ್ಷಿ. ಹೊಸಬನು ಏರುದಾರಿಗೆ ಅಂಜುವನು. ಅನುಭವಿಯು ಎದುರು ಗಾಳಿಗೆ ಅಂಜುವನು. ಏರು ಮುಗಿದೊಡನೆ ಇಳಿಜಾರು ಬರುವುದು; ಎದುರು ಗಾಳಿಗೆ ಅಂತಹ ಪ್ರತಿಫಲವಿಲ್ಲ. ಆಷಾಢ ಶ್ರಾವಣಗಳಲ್ಲಿ ನೈರುತ್ಯದ ಗಾಳಿಯು ಬೀಸುವಾಗ ಈ ಸುತ್ತನ್ನು ಹೊರಟವನಿಗೆ ಗಂಗಾವತಿಯವರೆಗೆ ಗಾಳಿಯು ಬೆನ್ನನ್ನು ನೂಕುವುದು. ತಾನು ಮಹಾಬಲನೆಂಬ ಭ್ರಾಂತಿಯು ಅಲ್ಲಿ ಹುಟ್ಟುವುದು. ಕಾಲುಗಳು ಸೋತ ಮೇಲೆ, ಕುಷ್ಟಗಿಯಿಂದ ಯಲಬುರ್ಗಾಕ್ಕೆ ತಿರುಗಿದಾಗ, ಅದೇ ಗಾಳಿಯು ಎದೆಗೆ ನಿಲ್ಲುವುದು. ಮಾರ್ಗಶಿರ ಪುಷ್ಯಗಳಲ್ಲಿ ಮೂಡಗಾಳಿ; ಆಗ ಮೊದಲ ಹಂತವು ಗಾಳಿಗೆ ಎದುರಾಗಿ, ಕಡೆಯ ಹಂತಗಳು ಸುಲಭವಾಗುವುವು. ಸಾಲವನ್ನು ಮೊದಲು ತೀರಿಸಿ ಆಮೇಲೆ ಉಣ್ಣುವುದೇ ಲೇಸಾದುದರಿಂದ ಈ ಸುತ್ತಿಗೆ ಚಳಿಗಾಲವೇ ತಕ್ಕ ಕಾಲ. ಬೇಸಗೆಯಲ್ಲಂತೂ ಬಿಸಿಲು 40 ಡಿಗ್ರಿಯನ್ನು ಮುಟ್ಟುವ ಈ ಸೀಮೆಯಲ್ಲಿ ದೂರದ ಸವಾರಿಯನ್ನು ಎಣಿಸಲೇಬಾರದು.

ಗಾಳಿಯ ವಿಷಯದಲ್ಲಿ ಗುಂಪಿಗೆ ಒಂದು ಲಾಭವುಂಟು. ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಮಡಿಯಾಗುವುದು. ಮುಂದಿನವನ ಬೆನ್ನ ಮರೆಯಲ್ಲಿ ಹೋಗುವವನಿಗೆ ವೇಗದ ಸವಾರಿಯಲ್ಲಿ ಕಾಲು ಭಾಗದಷ್ಟು ಶ್ರಮವು ಉಳಿಯುವುದು. ಆದುದರಿಂದ ಬಲಿಷ್ಠರು ಸರದಿಯಂತೆ ಮುಂದೆ ನಿಂತು ಗಾಳಿಯನ್ನು ಸೀಳಿದರೆ ಬಡಕಲು ಹುಡುಗನೂ ಒಂಟಿಯಾಗಿ ಹೋಗಲಾರದಷ್ಟು ದೂರವನ್ನು ಹೋಗಬಲ್ಲನು. ಆದರೆ ಇದೇ ಲಾಭವು ವಿಪರೀತವಾಗುವುದೂ ಉಂಟು. ಮುಂದಿನವನು ತುಸು ವೇಗವನ್ನು ಕೂಡಿಸಿದರೆ ಹನ್ನೆರಡನೆಯವನಿಗೆ ಆ ವಾರ್ತೆಯು ತಡವಾಗಿ ತಲುಪುವುದು. ಅವನು ಬಿಟ್ಟ ಅಂತರವನ್ನು ತುಂಬಲು ಇಮ್ಮಡಿ ತುಳಿಯಬೇಕಾಗುವುದು. ಹೀಗೆ ಹತ್ತು ಸಲವಾದರೆ ಯಾರಿಗೆ ಬಲವು ಕಡಿಮೆಯೋ ಅವನೇ ಎಲ್ಲರಿಗಿಂತ ಹೆಚ್ಚು ದುಡಿದಂತಾಯಿತು. ಒಮ್ಮೆ ಬೆನ್ನ ಮರೆಯು ತಪ್ಪಿತೋ, ಅವನು ಗಾಳಿಯ ಪಾಲು. ಇನ್ನೂ ಒಂದು ಅನ್ಯಾಯವನ್ನು ನೋಡಿರಿ: ಮುಂದಿನವರು ಚಹದ ಅಂಗಡಿಯಲ್ಲಿ ಅರ್ಧ ತಾಸು ಕುಳಿತು ದಣಿವಾರಿಸಿಕೊಂಡಿರುವಾಗ ಹಿಂದಿನವನು ಬಂದು ಮುಟ್ಟುವನು, "ಬಂದೆಯಾ? ಹೊರಡೋಣ!" ಎಂದು ಅವರು ಏಳುವರು. ವಿಶ್ರಾಂತಿಯು ಬೇಕಾದವನಿಗೆ ವಿಶ್ರಾಂತಿಯಿಲ್ಲ.

ಇದು ಬರಿಯ ತರ್ಕವಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮಗನು, ಹದಿನೇಳು ವಯಸ್ಸಿನವನು, ಯುಗಾದಿಯು ಕಳೆದ ಮೇಲೆ ಹದಿಮೂರು ಮಂದಿ ಗೆಳೆಯರೊಡನೆ ಇದೇ ದಾರಿಯನ್ನು ಹಿಡಿದಿದ್ದನು. ಕನಕಗಿರಿಯನ್ನು ದಾಟಿದ ಮೇಲೆ ಅವನ ಹಿಂದಿನ ಗಾಲಿಯು ಪಂಕ್ಚರಾಯಿತು. ಬದಲಿ ಟ್ಯೂಬುಗಳೂ ಪಂಪೂ ಮುಂದೆ ಹೋದವನ ಚೀಲದಲ್ಲಿದ್ದುವು. ಅವನು ಮೂರು ಸಲ ಮೊಬೈಲಿನಲ್ಲಿ ಕೂಗಿದನು. ಎಲ್ಲರ ಮೊಬೈಲುಗಳೂ ಚೀಲಗಳೊಳಗೆ ಇದ್ದುವಾದುದರಿಂದ ಗಾಳಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಡುಹಗಲಿನಲ್ಲಿ ಸೈಕಲ್ಲನ್ನು ನೂಕುತ್ತ ನಡೆದನು. ಬಾಟಲಿಯ ನೀರು ತೀರಿತು. ಮುಂದಿನವರು ತಾವರಗೇರಾದಲ್ಲಿ ನಿಂತಾಗ, ಅವನು ಇನ್ನೊಬ್ಬರೊಡನೆ ಬರುತ್ತಿರುವನೆಂದು ಒಬ್ಬೊಬ್ಬರೂ ತಿಳಿದಿದ್ದರು. ಎಣಿಸಿದವರು ಯಾರೂ ಇಲ್ಲ.

ಆ ಹುಡುಗನು ತೂರಾಡುತ್ತ, ತೊದಲುತ್ತ ನಡೆಯುವುದನ್ನು ಹೊಲದ ಬದಿಯಲ್ಲಿದ್ದ ಕುರಿಗಾಹಿಯೊಬ್ಬನು ಕಂಡನು. ಬೇವಿನ ಮರದ ನೆರಳಿಗೆ ಎಳೆದು ತಂದು, ತನ್ನ ಕೊಡದ ನೀರನ್ನೆಲ್ಲ ಅವನ ತಲೆಯ ಮೇಲೂ ಮೈಮೇಲೂ ಸುರಿದು, ಒದ್ದೆ ಧೋತರದಿಂದ ಗಾಳಿ ಬೀಸಿ, ಹಾದು ಹೋಗುತ್ತಿದ್ದ ಟಂಟಂ ಗಾಡಿಯನ್ನು ತಡೆದು ಆಸ್ಪತ್ರೆಗೆ ಕಳುಹಿದನು. ಹುಡುಗನು ಮೂರು ದಿನ ಹಾಸಿಗೆಯಲ್ಲಿದ್ದು ಉಳಿದುಕೊಂಡನು. ಅವನ ತಂದೆಯು ಆಮೇಲೆ ನಮ್ಮ ಮನೆಗೆ ಬಂದಾಗ ಆಡಿದ ಮಾತನ್ನು ಅವರ ಬಾಯಿಯಲ್ಲಿಯೇ ಹೇಳುವೆವು: "ಮಾಸ್ತರ್ರೀ, ಹದಿಮೂರು ಮಂದಿ ಗೆಳ್ಯಾರಿದ್ರು, ಹೊತ್ತಿಗಾದಾಂವ ಒಬ್ಬ ಕುರಿ ಕಾಯಾಂವ."

ಇದರಲ್ಲಿ ವೈದ್ಯಶಾಸ್ತ್ರದ ಒಂದು ಸತ್ಯವಡಗಿದೆ. ಪ್ರತಿ ಗೃಹಸ್ಥನೂ ಅದನ್ನು ತಿಳಿದಿರಬೇಕು. ಬಿಸಿಲಿನ ಹೊಡೆತವು ಮಿದುಳಿಗೆ ತಗಲಿದಾಗ ಮನುಷ್ಯನ ವಿವೇಚನೆಯು ಕೆಡುವುದು. ಕಾಲು ಮುರಿದವನು ತನ್ನ ಕಾಲು ಮುರಿದಿದೆಯೆಂದು ತಾನೇ ಹೇಳುವನು. ಬಿಸಿಲು ಹೊಡೆದವನು ತನಗೇನೂ ಆಗಿಲ್ಲವೆನ್ನುವನು. ಆದುದರಿಂದ ಅವನನ್ನು ನೋಡತಕ್ಕ ಎರಡು ಕಣ್ಣುಗಳು ಬೇರೊಬ್ಬನಲ್ಲಿಯೇ ಇರಬೇಕು. ಗುಂಪಿನ ಪ್ರಯಾಣಕ್ಕೆ ಇರುವ ಅತ್ಯಂತ ದೊಡ್ಡ ಪ್ರಯೋಜನವು ಇದು. ಅದನ್ನೇ ಬಿಟ್ಟುಕೊಟ್ಟ ಗುಂಪು ಒಂಟಿ ಪ್ರಯಾಣಕ್ಕಿಂತಲೂ ಅಪಾಯಕರ, ಏಕೆಂದರೆ ಒಂಟಿಗನು ಇನ್ನೊಬ್ಬರನ್ನು ನಂಬಿರುವುದಿಲ್ಲ. ಮಾತು ತೊದಲಿದರೆ, ನಡೆ ತೂರಾಡಿದರೆ, ಕೇಳಿದ್ದಕ್ಕೆ ಅಸಂಬದ್ಧವಾದ ಉತ್ತರವು ಬಂದರೆ ಒಡನೆಯೇ ನೆರಳು, ಮೈತುಂಬ ನೀರು, ಬೀಸಣಿಗೆಯ ಗಾಳಿ, 108ಕ್ಕೆ ಕರೆ. ಎಚ್ಚರವು ಸರಿಯಿಲ್ಲದವನ ಬಾಯಿಗೆ ನೀರನ್ನು ಹುಯ್ಯಬಾರದು.

ಬಿಸಿಲಿನಲ್ಲಿ ತುಳಿಯುವವನ ಮೈಯಿಂದ ತಾಸಿಗೆ ಒಂದು ಲೀಟರಿನವರೆಗೆ, ಒಮ್ಮೊಮ್ಮೆ ಅದಕ್ಕೂ ಮೀರಿ, ಬೆವರು ಹೋಗುವುದು. ಅದರೊಡನೆ ಉಪ್ಪೂ ಹೋಗುವುದು. ಬರಿಯ ನೀರನ್ನೇ ಅಳತೆಮೀರಿ ಕುಡಿದರೆ ರಕ್ತದಲ್ಲಿಯ ಉಪ್ಪು ತೆಳುವಾಗಿ ಬೇರೆ ಅಪಾಯವು ಬರುವುದು. ಉಪ್ಪು ಹಾಕಿದ ಮಜ್ಜಿಗೆಯು ಇದಕ್ಕೆ ನಮ್ಮ ಮನೆಗಳ ಹಳೆಯ ಪಾನೀಯ. ಮಜ್ಜಿಗೆ ಇಲ್ಲದೆಡೆಯಲ್ಲಿ ಒಂದು ಲೀಟರು ಶುದ್ಧವಾದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕೂಡಿಸಿದರೆ ಸಾಕು. ಚಮಚಗಳು ಗುಡ್ಡೆಯಾಗಿರದೆ ಸಮವಾಗಿರಬೇಕು. ಊಟದ ವಿಷಯದಲ್ಲಿ ಹೇಳುವುದು ಕಡಿಮೆ. ಸಜ್ಜೆಯ ರೊಟ್ಟಿ, ಶೇಂಗಾದ ಚಟ್ನಿ, ಮೊಸರು, ಬಾಳೆಹಣ್ಣು, ಶೇಂಗಾ ಬೆಲ್ಲದ ಉಂಡಿಗಳು ದಾರಿಗೆ ಹೇಳಿ ಮಾಡಿಸಿದಂತಹವು. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಬೇಕು. ಮಂಡಾಳ ಒಗ್ಗರಣಿ ಮಿರ್ಚಿಗಳನ್ನು ನಾವು ದ್ವೇಷಿಸುವವರಲ್ಲ. ಆದರೆ ಅವುಗಳ ಸ್ಥಾನವು ಪ್ರಯಾಣದ ನಡುವಲ್ಲ, ಪ್ರಯಾಣದ ಕೊನೆ.

ವಾಹನದ ತೊಂದರೆಗಳಲ್ಲಿ ಮುಳ್ಳೇ ಮುಖ್ಯ. ರಸ್ತೆಯ ಅಂಚಿನಲ್ಲಿ ಜಾಲಿಯ ಮುಳ್ಳು, ಹೊಲದ ಬದಿಯಲ್ಲಿ ನೆಗ್ಗಿಲ ಮುಳ್ಳು. ಆಯುರ್ವೇದದಲ್ಲಿ ಗೋಕ್ಷುರವೆಂದು ಮನ್ನಣೆಯನ್ನು ಪಡೆದ ಈ ನೆಗ್ಗಿಲು ಸೈಕಲ್ಲಿನ ಟ್ಯೂಬಿನ ಪಾಲಿಗೆ ಔಷಧವಲ್ಲ. ಅದು ಹೇಗೆ ಬಿದ್ದರೂ ಒಂದು ಮೊನೆಯು ಮೇಲೆಯೇ ನಿಲ್ಲುವುದು. ನೆರಳಿಗೆಂದು ರಸ್ತೆಯಿಂದ ಇಳಿಯುವಾಗ ಸೈಕಲ್ಲನ್ನು ಎತ್ತಿಕೊಂಡು ಹೋಗುವುದು ಜಾಣತನ. ಮಳೆಯಾದ ಮೇಲೆ ಎರೆಯ ಹಾದಿಗೆ ಇಳಿದವನ ಗಾಲಿಗೆ ಮಣ್ಣು ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸೈಕಲ್ಲು ಉರುಳುವುದನ್ನೇ ಬಿಡುವುದು. ಅಂದು ಸೈಕಲ್ಲು ಸವಾರನ ಮೇಲೆ ಸವಾರಿ ಮಾಡುವುದು. ಪ್ರತಿಯೊಬ್ಬನಲ್ಲಿಯೂ ತನ್ನ ಗಾಲಿಗೆ ಹೊಂದುವ ಒಂದು ಟ್ಯೂಬು, ಟೈರನ್ನು ಬಿಡಿಸುವ ಪಟ್ಟಿ, ಪಂಪು ಇರಬೇಕು. ಅವುಗಳನ್ನು ಬಳಸುವ ವಿದ್ಯೆಯೂ ಇರಬೇಕು. ಸೀಟಿನ ಎತ್ತರವು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟಿರಲಿ. ತಗ್ಗಾದ ಸೀಟಿನಿಂದ ನೂರು ಕಿಲೋಮೀಟರಿನ ಮೇಲೆ ಮೊಣಕಾಲು ಮುನಿಯುವುದು.

ರಸ್ತೆಯ ಅಪಾಯವು ಎಲ್ಲರಿಗೂ ತಿಳಿದದ್ದೇ. ಕೊಪ್ಪಳವನ್ನು ಹಾಯುವ 67ನೆಯ ಹೆದ್ದಾರಿಯಲ್ಲಿಯೂ, ಕುಷ್ಟಗಿಯನ್ನು ಹಾಯುವ 50ನೆಯ ಹೆದ್ದಾರಿಯಲ್ಲಿಯೂ, ಗಿಣಿಗೇರಾದ ಉಕ್ಕಿನ ಕಾರ್ಖಾನೆಗಳ ಸುತ್ತಿನಲ್ಲಿಯೂ ಲಾರಿಗಳು ಹಗಲಿರುಳು ಓಡುವುವು. ಮಹಾಭಾರತದ ವನಪರ್ವದಲ್ಲಿ ದಮಯಂತಿಯು ಒಂದು ಸಾರ್ಥವನ್ನು ಸೇರಿಕೊಂಡ ಕಥೆಯನ್ನು ವಾಚಕರು ಬಲ್ಲರು. ದಣಿದ ಆ ವರ್ತಕರು ಸರೋವರದ ಬಳಿ ಆನೆಗಳ ದಾರಿಯಲ್ಲಿಯೇ ಮಲಗಿದರು. ನಡುರಾತ್ರಿಯಲ್ಲಿ ಕಾಡಾನೆಗಳು ನೀರಿಗೆ ಬಂದು ಅವರನ್ನು ತುಳಿದುವು. ಅವರ ತಪ್ಪು ಮಲಗಿದ್ದಲ್ಲ, ಮಲಗಿದ ಎಡೆ. ಇಂದಿನ ಸಾರ್ಥದವರು ಹೆದ್ದಾರಿಯ ಅಂಚಿನಲ್ಲಿ ಸೈಕಲ್ಲುಗಳನ್ನು ಹರಡಿ ಚಿತ್ರ ತೆಗೆಯುತ್ತ ನಿಲ್ಲುವುದು ಆನೆಯ ದಾರಿಯಲ್ಲಿ ಮಲಗಿದಂತೆಯೇ ಸರಿ. ನಿಲ್ಲುವುದಾದರೆ ರಸ್ತೆಯನ್ನು ಪೂರ್ಣವಾಗಿ ಬಿಟ್ಟು ನಿಲ್ಲಬೇಕು. ಒಂದೇ ಸಾಲಿನಲ್ಲಿ ಹೋಗಬೇಕು. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪವಿರಬೇಕು. ಸೂರ್ಯನು ಮುಳುಗುವ ಮೊದಲೇ ಬೀಡನ್ನು ಸೇರಬೇಕು. ಅದಕ್ಕಾಗಿಯೇ ಈ ಸುತ್ತನ್ನು ಎರಡು ದಿನಗಳಿಗೆ ಹಂಚುವುದು ಒಳಿತು: ಮೊದಲ ದಿನ ಗಂಗಾವತಿಯ ಮೇಲೆ ಕುಷ್ಟಗಿ, ಅಲ್ಲಿ ರಾತ್ರಿಯ ತಂಗು, ಎರಡನೆಯ ದಿನದ ದಾರಿಯು ಕಡಿಮೆಯಿರುವುದರಿಂದ ಕುಕನೂರಿನ ಬಳಿಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವನ್ನು ಕಣ್ತುಂಬ ನೋಡಿ, ಹೊತ್ತಿರುವಾಗಲೇ ಕೊಪ್ಪಳಕ್ಕೆ ಬರಬಹುದು.

ಇಷ್ಟನ್ನೂ ನಡೆಯಿಸತಕ್ಕವರು ಯಾರು? ಇಲ್ಲಿ ನಮ್ಮ ಮುಖ್ಯವಾದ ಮಾತಿಗೆ ಬಂದೆವು. ಗುಂಪಿಗೆ ಒಬ್ಬ ಸಾರ್ಥವಾಹನು ಬೇಕು. ನಿಲ್ಲೆಂದರೆ ನಿಲ್ಲಬೇಕು, ತಿರುಗೆಂದರೆ ತಿರುಗಬೇಕೆಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿರಬೇಕು. ದಣಿದ ಮೇಲೆ ಮಾಡುವ ಚರ್ಚೆಯು ಜಗಳವಾಗುವುದು. ಆದರೆ ಸಾರ್ಥವಾಹನಿಗಿಂತಲೂ ಮುಖ್ಯನಾದವನು ಬೆಂಗಾವಲಿನವನು. ಬೆನ್ನಿನ ಕಾವಲು ಬೆಂಗಾವಲು. ನಮ್ಮ ಭಾಷೆಯ ಸೊಗಸಾದ ಶಬ್ದವಿದು. ಎಲ್ಲರಿಗಿಂತ ಹಿಂದೆ ಹೋಗುವವನು ಎಲ್ಲರಿಗಿಂತ ಬಲಿಷ್ಠನ, ಎಲ್ಲರಿಗಿಂತ ತಾಳ್ಮೆಯವನ ಸ್ಥಾನದಲ್ಲಿರಬೇಕು. ಅವನ ಹಿಂದೆ ಯಾರೂ ಇರತಕ್ಕದ್ದಲ್ಲ. ಹುಲಿಗೆಮ್ಮನ ಜಾತ್ರೆಗೆ ಬಂಡಿಗಳನ್ನು ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರು ಹೊಸ ಎತ್ತುಗಳ ಬಂಡಿಯನ್ನು ಸಾಲಿನ ನಡುವೆ ಇಟ್ಟು, ನುರಿತವನ ಬಂಡಿಯನ್ನು ಕಡೆಗೆ ನಿಲ್ಲಿಸುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂದು ಯಾರೂ ಅದನ್ನು ಅವಮಾನವೆಂದು ಎಣಿಸಲಿಲ್ಲ.

ಇಂದಿನ ತರುಣನಿಗೆ ಹಿಂದೆ ಹೋಗುವುದು ಅವಮಾನ. ಅದಕ್ಕಿಂತಲೂ ದೊಡ್ಡ ಅವಮಾನವೆಂದು ಅವನು ಎಣಿಸುವುದು 'ನನ್ನಿಂದಾಗದು' ಎನ್ನುವುದನ್ನು. ಆ ಎರಡಕ್ಷರದ ಮಾನಕ್ಕಾಗಿ ಎಳೆಯರು ಪ್ರಾಣವನ್ನೇ ಒಡ್ಡುವರು. ಆದುದರಿಂದ ನಡುದಾರಿಯಲ್ಲಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಊರಿಗೆ ಮರಳುವುದು ಪ್ರಯಾಣದ ಒಂದು ಅಂಗವೇ ಎಂದು ಸಾರ್ಥವಾಹನು ಮೊದಲ ದಿನವೇ ಎಲ್ಲರೆದುರಿಗೆ ಹೇಳಬೇಕು; ಮರಳುವವನೊಡನೆ ಇನ್ನೊಬ್ಬನು ಮರಳಬೇಕು. ಪ್ರತಿ ತಂಗಿನಲ್ಲಿಯೂ ತಲೆಗಳನ್ನು ಎಣಿಸಬೇಕು. ಕಡೆಯವನು ಬಂದು ಕುಳಿತು, ನೀರು ಕುಡಿದು, ಕಾಲು ಗಂಟೆಯಾದ ಮೇಲೆಯೇ ಏಳಬೇಕು. ಸಾರ್ಥವಾಹನ, ಬೆಂಗಾವಲಿನವನ ಮೊಬೈಲುಗಳು ಚೀಲದಲ್ಲಲ್ಲ, ಸದ್ದು ಕೇಳಿಸುವಂತೆ ಮೈಮೇಲೆ ಇರಬೇಕು. ಇವುಗಳಲ್ಲಿ ಒಂದಕ್ಕೂ ಹಣವು ಬೇಡ.

ಹೆಣ್ಣುಮಕ್ಕಳನ್ನು ಇಂತಹ ಪ್ರಯಾಣಕ್ಕೆ ಕಳುಹಬಹುದೇ ಎಂದು ಕೆಲವರು ಕೇಳುವರು. ಶಾಲೆಗೆಂದು ದಿನವೂ ಹಳ್ಳಿಯಿಂದ ಹಳ್ಳಿಗೆ ಎದುರು ಗಾಳಿಯಲ್ಲಿ ತುಳಿದ ಹುಡುಗಿಯರು ನಮ್ಮ ಸೀಮೆಯಲ್ಲಿ ಸಾವಿರಾರು ಮಂದಿ ಇರುವರು. ದೂರದ ಸವಾರಿಯಲ್ಲಿ ಬೇಕಾದ ತಾಳ್ಮೆಯ ಅಭ್ಯಾಸವು ಅವರಿಗೆ ಆಗಲೇ ಆಗಿದೆ. ತಂಗುವ ಎಡೆ ಯೋಗ್ಯವಾಗಿ, ಗುಂಪಿನಲ್ಲಿ ಒಬ್ಬಳೇ ಆಗಿರದೆ, ಮೇಲೆ ಹೇಳಿದ ಕಟ್ಟಳೆಗಳು ನಡೆಯುವುದಾದರೆ ಗಂಡುಮಕ್ಕಳಿಗೆ ಕೊಟ್ಟ ಅಪ್ಪಣೆಯನ್ನು ಅವರಿಗೆ ಕೊಡದಿರಲು ಕಾರಣವು ಕಾಣಿಸದು.

ಹೀಗಿರುವಾಗ ಅಪ್ಪಣೆಯನ್ನು ಕೊಡುವ ಗೃಹಸ್ಥರು ಮಗನ ಕಾಲಿನ ಬಲವನ್ನು ಪರೀಕ್ಷಿಸುವುದರ ಜೊತೆಗೆ ಗುಂಪಿನ ಕಟ್ಟನ್ನೂ ಪರೀಕ್ಷಿಸಲಿ. ಮೂರು ಪ್ರಶ್ನೆಗಳು ಸಾಕು: ನಿಲ್ಲಿಸುವ ಅಧಿಕಾರವು ಯಾರದು? ಕಡೆಯಲ್ಲಿ ಹೋಗುವವನು ಯಾರು? ಮರಳಬೇಕೆಂದವನನ್ನು ಕರೆತರುವವನು ಯಾರು? ಮೂರಕ್ಕೂ ಹೆಸರು ಹಿಡಿದು ಉತ್ತರವು ಬಂದರೆ, ಕಾಲವು ಚಳಿಗಾಲವಾದರೆ, ಇದಕ್ಕೆ ಮೊದಲು ಐವತ್ತು, ಎಂಬತ್ತು, ನೂರು ಕಿಲೋಮೀಟರುಗಳ ಅಭ್ಯಾಸವು ಕ್ರಮವಾಗಿ ನಡೆದಿದ್ದರೆ, ಸಂತೋಷದಿಂದ ಕಳುಹಬಹುದು. ತಾಯಿಯವರೂ ರೊಟ್ಟಿಯನ್ನು ಕಟ್ಟಿಕೊಡಬಹುದು. "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂಬ ಉತ್ತರವು ಬಂದರೆ ಯಾರೂ ನೋಡಿಕೊಳ್ಳುವುದಿಲ್ಲವೆಂದು ತಿಳಿದು, ಆ ವರ್ಷಕ್ಕೆ ಬೇಡವೆನ್ನಬೇಕು.

ಮಕ್ಕಳು ಮರಳಿ ಬಂದಾಗ ಎಷ್ಟು ಕಿಲೋಮೀಟರುಗಳಾದುವು, ಎಷ್ಟು ತಾಸು ಹಿಡಿಯಿತು ಎಂದು ಕೇಳುವುದು ನಮ್ಮೆಲ್ಲರ ರೂಢಿ. ಹಾಗೆ ಕೇಳುವುದರಿಂದಲೇ ಮುಂದೆ ಓಡುವ ಚಪಲವು ಬೆಳೆಯುವುದು. ಅದಕ್ಕೆ ಬದಲಾಗಿ, ಕಡೆಗೆ ಬಂದವನು ಯಾರು, ಅವನ ಜೊತೆಗೆ ಇದ್ದವನು ಯಾರು ಎಂದು ಕೇಳುವುದನ್ನು ರೂಢಿಮಾಡಿಕೊಂಡರೆ ಎರಡು ಮೂರು ವರ್ಷಗಳಲ್ಲಿ ನಮ್ಮ ಊರುಗಳ ತರುಣರಲ್ಲಿ ಬೆಂಗಾವಲಿನ ಸ್ಥಾನಕ್ಕೇ ಪೈಪೋಟಿಯು ಹುಟ್ಟೀತು.